ಪ್ರಶ್ನೆ ಕೇಳಿದವರನ್ನು ಏನು ಮಾಡಬೇಕು?



ಎರಡು ತಿಂಗಳ ಹಿಂದೆ ನಮ್ಮ ಯುವಜನರ ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಅಣ್ಣಾ, ನಮ್ಮ ಪಕ್ಕದ ಮನೆ ಅಜ್ಜಿ ತೀರಿಕೊಂಡರು. ವರ್ಷ ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದವರು. ಅಮ್ಮ ಹುಷಾರಿಲ್ಲದೆ ಮಲಗಿದ್ದಾಗ ನಮಗೆ ಊಟ ಕೊಟ್ಟವರು ಅವರೇ. ಅವರಿಗೆ ಸ್ವರ್ಗ ಸಿಗಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. "ಇಂಥ ಪ್ರಶ್ನೆ ಇಲ್ಲಿ ಬೇಡ, ಮೊದಲು ಹಬ್ಬದ ಕಾರ್ಯಕ್ರಮದ ವಿಷಯ ಮುಗಿಸೋಣ" ಎಂದುಬಿಟ್ಟೆ. ಮುಂದಿನ ಎರಡು ಸಭೆಗಳಿಗೆ ಅವಳು ಬರಲಿಲ್ಲ.

ಆ ಪ್ರಶ್ನೆಯನ್ನೇ ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡು ಬದುಕಿದ ಒಬ್ಬ ಗುರುಗಳ ಬಗ್ಗೆ ಆಮೇಲೆ ಓದಿದೆ. ಅವರು ಫಾದರ್ ಜಾಕ್ ದ್ಯುಪುಯಿ. 1923ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಯೇಸುಸಭೆಯ ಗುರು. 1948ರಲ್ಲಿ ಭಾರತಕ್ಕೆ ಬಂದರು. ಕರ್ಸಿಯಾಂಗ್‌ನಲ್ಲಿಯೂ ನಂತರ ದೆಹಲಿಯ ವಿದ್ಯಾಜ್ಯೋತಿಯಲ್ಲಿಯೂ ದೈವಶಾಸ್ತ್ರ ಕಲಿಸಿದರು. 36 ವರ್ಷ ಅನ್ಯಧರ್ಮದ ನೆರೆಹೊರೆಯವರ ನಡುವೆ ಬಾಳಿ, 1984ರಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯಕ್ಕೆ ಹೋದರು. 1997ರಲ್ಲಿ ಧರ್ಮಗಳ ಬಹುತ್ವವನ್ನು ಕುರಿತು ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಯೇಸುಸ್ವಾಮಿಯೇ ಲೋಕರಕ್ಷಕ ಎಂಬ ವಿಶ್ವಾಸವನ್ನು ಬಿಡದೆ, ದೇವರ ರಕ್ಷಣಾ ಯೋಜನೆಯಲ್ಲಿ ಬೇರೆ ಧರ್ಮಗಳ ಸ್ಥಾನವೇನು ಎಂದು ಆ ಗ್ರಂಥ ಹುಡುಕುತ್ತದೆ.

1998ರ ಅಕ್ಟೋಬರಿನಲ್ಲಿ, ವಿಶ್ವಾಸ ಸಿದ್ಧಾಂತ ಆಯೋಗ ಈ ಗ್ರಂಥವನ್ನು ಪ್ರಶ್ನಿಸಿದೆ ಎಂಬ ಸುದ್ದಿ ಅವರಿಗೆ ತಲುಪಿತು. ಆಗ ಆಯೋಗದ ಮುಖ್ಯಸ್ಥರು ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಜಗದ್ಗುರು 16ನೇ ಬೆನೆಡಿಕ್ಟರಾದವರು. ಉತ್ತರ ಬರೆಯುವುದಕ್ಕೆಂದು ದ್ಯುಪುಯಿಯವರನ್ನು ಪಾಠ ಹೇಳುವ ಕೆಲಸದಿಂದ ಬಿಡಿಸಲಾಯಿತು. ಆಗ ಅವರಿಗೆ ವಯಸ್ಸು ಎಪ್ಪತ್ತೈದರ ಹತ್ತಿರ. ವಿಯೆನ್ನಾದ ನಿವೃತ್ತ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಕ್ಯೋನಿಗ್ 1999ರಲ್ಲಿ ಬಹಿರಂಗವಾಗಿ ಅವರ ಪರ ಬರೆದರು. ಆದರೆ ಆಯೋಗದವರ ಎದುರು ಕುಳಿತು ಮಾತನಾಡುವ ಅವಕಾಶ ದ್ಯುಪುಯಿಯವರಿಗೆ ಸಿಕ್ಕಿದ್ದು 2000ದ ಸೆಪ್ಟೆಂಬರ್ 4ರಂದು, ಸುಮಾರು ಎರಡು ವರ್ಷದ ನಂತರ.

ಧರ್ಮಸಭೆ ಹೀಗೆ ವಿಚಾರಿಸುವುದೇ ತಪ್ಪು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರೇಷಿತರಿಂದ ಬಂದ ವಿಶ್ವಾಸ ಒಬ್ಬರ ಸ್ವಂತ ಆಸ್ತಿಯಲ್ಲ. ಅದನ್ನು ಕಾಯುವವರು ಇರಲೇಬೇಕು. ಆದರೆ ಹೇಗೆ ಕಾಯಬೇಕು? ನಾನು ಬಿಎಸ್ಸಿ ಓದುವಾಗ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಉತ್ತರ ಹೊಂದದಿದ್ದರೆ ನಮ್ಮ ಲೆಕ್ಚರರ್ ತಕ್ಷಣ ಕೆಂಪು ಗೆರೆ ಎಳೆಯುತ್ತಿರಲಿಲ್ಲ. "ಈ ರೀಡಿಂಗ್ ಹೇಗೆ ಬಂತು, ಇನ್ನೊಮ್ಮೆ ಮಾಡಿ ತೋರಿಸು" ಎನ್ನುತ್ತಿದ್ದರು. ಕೆಲವು ಸಲ ತಪ್ಪು ನನ್ನದಾಗಿರುತ್ತಿತ್ತು, ಕೆಲವು ಸಲ ದ್ರಾವಣದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಇಂಥ ವಿಚಾರಣೆ ಆದಿ ಧರ್ಮಸಭೆಯಲ್ಲೂ ನಡೆದಿದೆ. ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯ ಓದಿ. ಅನ್ಯಧರ್ಮೀಯನಾದ ಕೊರ್ನೇಲಿಯನ ಮನೆಗೆ ಹೋಗಿ ಊಟ ಮಾಡಿ ಬಂದ ಪೇತ್ರನನ್ನು ಜೆರುಸಲೇಮಿನವರು ತರಾಟೆಗೆ ತೆಗೆದುಕೊಂಡರು. ಪೇತ್ರ ಸಿಟ್ಟಾಗಲಿಲ್ಲ, ನಾನೇ ಮುಖ್ಯಸ್ಥ ಎಂದು ಜಬರಿಸಲೂ ಇಲ್ಲ. ನಡೆದದ್ದನ್ನು ಮೊದಲಿನಿಂದ ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ದೇವರನ್ನು ಸ್ತುತಿಸಿದರು.

ದ್ಯುಪುಯಿಯವರ ವಿಷಯದಲ್ಲೂ ಕೇಳಿಸಿಕೊಂಡದ್ದರಿಂದ ವ್ಯತ್ಯಾಸವಾಯಿತು. ಆ ಭೇಟಿಗೆ ಮೊದಲು ಸಿದ್ಧವಾಗಿದ್ದ ಕರಡು ಕಠಿಣವಾಗಿತ್ತು. 2001ರಲ್ಲಿ ಹೊರಬಂದ ಪ್ರಕಟಣೆ ಮೃದುವಾಗಿತ್ತು. ಓದುಗರನ್ನು ತಪ್ಪು ದಾರಿಗೆ ಎಳೆಯಬಹುದಾದ ಅಸ್ಪಷ್ಟತೆಗಳು ಗ್ರಂಥದಲ್ಲಿವೆ ಎಂದಿತು. ಜೊತೆಗೆ, ಧರ್ಮಸಭೆಯ ಬೋಧನೆಗೆ ನಿಷ್ಠರಾಗಿರುವ ಇಚ್ಛೆ ಲೇಖಕರಿಗಿತ್ತೆಂದು ಒಪ್ಪಿತು. ದ್ಯುಪುಯಿ ಸಹಿ ಹಾಕಿದರು. ಮನಸ್ಸಿಗೆ ನೋವಾಗಿತ್ತು, ಆದರೂ ಧರ್ಮಸಭೆಯನ್ನು ಬಿಟ್ಟು ಹೋಗಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. 2004ರ ಡಿಸೆಂಬರ್ 28ರಂದು ರೋಮಿನಲ್ಲಿ ತೀರಿಕೊಂಡರು. ಆ ಎರಡು ವರ್ಷದ ಮೌನದ ಬದಲು ಮೊದಲ ತಿಂಗಳಲ್ಲೇ ಕರೆದು ಕೂರಿಸಿಕೊಂಡು ಮಾತನಾಡಿದ್ದರೆ ಸತ್ಯಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ, ಒಬ್ಬ ವೃದ್ಧ ಗುರುವಿನ ಸಂಕಟ ಕಡಿಮೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಇನ್ನೊಂದು ಸಂಗತಿ. ನಾನು ಹೆದರಿ ಮುಚ್ಚಿಹಾಕಿದ ಪ್ರಶ್ನೆಗೆ ಧರ್ಮಸಭೆ ಎಂದೋ ಉತ್ತರ ಕೊಟ್ಟಿತ್ತು. ತನ್ನ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಮನಸ್ಸಾಕ್ಷಿಯಂತೆ ನಡೆದವರು ನಿತ್ಯರಕ್ಷಣೆ ಪಡೆಯಬಲ್ಲರು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ದ್ಯುಪುಯಿಯವರನ್ನು ತಿದ್ದಿದ ಆ ಪ್ರಕಟಣೆಯೂ, ಬೇರೆ ಧರ್ಮಗಳಲ್ಲಿರುವ ಸತ್ಯ ಮತ್ತು ಒಳಿತಿನ ಅಂಶಗಳ ಮೂಲಕ ಪವಿತ್ರಾತ್ಮರು ಕ್ರೈಸ್ತರಲ್ಲದವರಲ್ಲೂ ರಕ್ಷಣಾಕಾರ್ಯ ನಡೆಸುತ್ತಾರೆ ಎನ್ನುವುದನ್ನು ಒಪ್ಪುತ್ತದೆ. ಆದರೆ ಆ ಧರ್ಮಗಳನ್ನೇ ರಕ್ಷಣೆಯ ಮಾರ್ಗಗಳು ಎನ್ನಲು ಆಧಾರವಿಲ್ಲ, ಏಕೈಕ ಮಧ್ಯಸ್ಥರು ಕ್ರಿಸ್ತರೇ ಎಂದು ಗಡಿ ಗುರುತಿಸುತ್ತದೆ. ಎಲ್ಲ ಒಂದೇ ಎನ್ನುವುದು ಸುಲಭ. ಅವರಿಗೆ ಏನೂ ಇಲ್ಲ ಎನ್ನುವುದೂ ಸುಲಭ. ನಮ್ಮ ವಿಶ್ವಾಸ ಎರಡನ್ನೂ ಹೇಳುವುದಿಲ್ಲ.

ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಓದಿದ್ದನ್ನು ಹೇಳುವ ಮೊದಲು, "ಅಜ್ಜಿಯ ವಿಷಯ ಹೇಳಮ್ಮ" ಎಂದೆ. ಒಂದು ಗಂಟೆ ಹೇಳಿದಳು. ಇದನ್ನು ಬರೆಯಲು ಒಪ್ಪಿಗೆಯನ್ನೂ ಕೊಟ್ಟಳು.

ನಮ್ಮ ಧರ್ಮಕೇಂದ್ರದಲ್ಲಿ ತಮಿಳಿನವರು, ಮಲಯಾಳದವರು, ಕನ್ನಡದವರು ಒಂದೇ ಪೀಠದ ಮುಂದೆ ಮೊಣಕಾಲೂರುತ್ತೇವೆ. ಸುತ್ತಲೂ ಅನ್ಯಧರ್ಮದ ನೆರೆಯವರಿದ್ದಾರೆ. ನಮ್ಮ ಮಕ್ಕಳಿಗೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಮುಂದಿನ ಸಭೆಗೆ ಸ್ವಾಮಿಗಳೂ ಬರುತ್ತಾರೆ. ಪ್ರಶ್ನೆಗಳನ್ನು ತನ್ನಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ, ಬೇಡ ಎನ್ನುವುದಿಲ್ಲ.

– ಯುವಜನ ಸಂಯೋಜಕ