ಕೊಡಗಿನ ಅಕ್ಷರ ಬಳ್ಳಾರಿಗೆ

ಜಿಲ್ಲೆಗೊಂದರಂತೆ ಮಳೆಯ ಗ್ರಾಫ್ ಬೇಕು. ಒಂದಾದ ಮೇಲೊಂದು ಬರೆಸುತ್ತ ಕೂತರೆ ಹೊತ್ತು ಹಿಡಿಯುತ್ತದೆ, ಎಲ್ಲವನ್ನೂ ಒಟ್ಟಿಗೇ ಓಡಿಸೋಣ ಎಂದು ಪ್ರೋಗ್ರಾಂ ಬರೆಯುವವರಿಗೆ ಅನ್ನಿಸುವುದು ಸಹಜ. ಓಡಿಸಿ ನೋಡಿದರೆ, ಕೊಡಗಿಗೆಂದು ಇಟ್ಟ ದಪ್ಪಕ್ಷರ ಬಳ್ಳಾರಿಯ ಗ್ರಾಫಿನಲ್ಲಿ ಕೂತಿರುತ್ತದೆ. ಮತ್ತೊಮ್ಮೆ ಓಡಿಸಿದರೆ ಎಲ್ಲವೂ ಸರಿ! ಹುಡುಕಲು ಹೋದಾಗ ಅಡಗಿಕೊಳ್ಳುವ ಇಂಥ ತಪ್ಪಿನಷ್ಟು ಕಾಡುವುದು ಬೇರೊಂದಿಲ್ಲ.

ಇಂಥ ಗ್ರಾಫ್‌ಗಳನ್ನು ಬರೆಯುವ, ಪೈಥಾನ್ ಬಲ್ಲವರಿಗೆಲ್ಲ ಪರಿಚಿತವಾದ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಕಟ್ಟಿದವರು ನರವಿಜ್ಞಾನಿ ಜಾನ್ ಹಂಟರ್. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ನೋಡುವುದು ಅವರಿಗೆ ಬೇಕಿತ್ತು. 2003ರಲ್ಲಿ ಹೊರಬಂದ ಅದು ಮ್ಯಾಟ್‌ಲ್ಯಾಬ್‌ನ ರೂಢಿಯಲ್ಲೇ ನಡೆಯಿತು: ಸಂಶೋಧಕರೊಬ್ಬರು ಕೂತು ಒಂದೊಂದೇ ಆಜ್ಞೆ ಕೊಡುತ್ತಾರೆ. ಹಾಗಾಗಿ ಅಕ್ಷರದ ಗಾತ್ರ, ಗೆರೆಯ ದಪ್ಪ, ಬಣ್ಣ ಎಲ್ಲವನ್ನೂ ಹೇಳುವ 'ಆರ್‌ಸಿಪ್ಯಾರಮ್ಸ್' ಪಟ್ಟಿ ಇಡೀ ಪ್ರೋಗ್ರಾಮಿಗೆ ಒಂದೇ. ಒಬ್ಬರೇ ಬಳಸುವಾಗ ಅದು ದೊಡ್ಡ ಅನುಕೂಲ. ಹಂಟರ್ ಅವರನ್ನು ದೂರುವಂತಿಲ್ಲ.

ಸೆಟ್ಟಿಂಗನ್ನು ಬದಲಿಸಿ, ಕೆಲಸ ಮುಗಿದೊಡನೆ ಮೊದಲಿನಂತೆ ಮಾಡುವ 'ಆರ್‌ಸಿ ಕಾಂಟೆಕ್ಸ್ಟ್' ಎಂಬ ಏರ್ಪಾಡೂ ಇದೆ. ಅನೇಕರು ಅಲ್ಲಿಗೇ ನಿಶ್ಚಿಂತರಾಗುತ್ತಾರೆ. ಆದರೆ ಒಂದೇ ಪ್ರೋಗ್ರಾಮಿನಲ್ಲಿ, ಅದೇ ಪಟ್ಟಿಯನ್ನು ಹಂಚಿಕೊಂಡು, ಹಲವು ಥ್ರೆಡ್‌ಗಳು (ಒಟ್ಟಿಗೇ ನಡೆಯುವ ಕೆಲಸದ ಎಳೆಗಳು) ಓಡುವಾಗ? ಛತ್ರದ ಫ್ಯಾನುಗಳಿಗೆಲ್ಲ ಒಂದೇ ರೆಗ್ಯುಲೇಟರ್ ಇದೆ ಅನ್ನಿ. ಚಳಿಯಾದವರು ಕಡಿಮೆ ಮಾಡಿ, ಏಳುವಾಗ ಮೊದಲಿದ್ದಲ್ಲಿಗೇ ತಿರುಗಿಸಿಟ್ಟರೂ ನಡುವೆ ಬೆವೆತವರು ಬೆವೆತೇ ಬೆವೆತರು. ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಮೊದಲ ಥ್ರೆಡ್ ಗಾತ್ರವನ್ನು 10ರಿಂದ 18ಕ್ಕೆ ಏರಿಸಿತು. ಎರಡನೆಯದು ಆ 18ನ್ನೇ ಮೂಲವೆಂದು ನೆನಪಿಟ್ಟುಕೊಂಡು 8 ಮಾಡಿತು. ಮೊದಲನೆಯದು ಮುಗಿದು 10ಕ್ಕೆ ಮರಳಿಸಿತು, ಆಮೇಲೆ ಎರಡನೆಯದು ಮುಗಿದು 18ಕ್ಕೆ 'ಮರಳಿಸಿತು'. ಇಬ್ಬರೂ ಶಿಸ್ತಿನವರೇ, ಆದರೂ 18 ಅಲ್ಲೇ ಉಳಿಯಿತು.

ಪ್ರತಿ ಕೆಲಸವನ್ನೂ ಬೇರೆ ಪ್ರೊಸೆಸ್‌ನಲ್ಲಿ ಓಡಿಸಿದರೆ ಈ ರಗಳೆ ಇಲ್ಲ. ಪ್ರೊಸೆಸ್‌ಗಳ ನೆನಪಿನ ಜಾಗ ಬೇರೆ ಬೇರೆ. ಮೆಮೊರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ. ಅಲ್ಲೂ ಒಂದೇ ಪ್ರೊಸೆಸ್ ಕೆಲಸದ ಮೇಲೆ ಕೆಲಸ ಮಾಡುತ್ತಿದ್ದರೆ ಹಿಂದಿನ ಗ್ರಾಫಿನ ಸೆಟ್ಟಿಂಗ್ ಮುಂದಿನದಕ್ಕೆ ಅಂಟಿಕೊಂಡೀತು. ಸಾಲಾಗಿ ನಡೆಯುವ ಆ ಕೆಲಸಕ್ಕೆ ಆರ್‌ಸಿ ಕಾಂಟೆಕ್ಸ್ಟ್ ಸರಿಯಾದ ಮದ್ದು. ಗಾತ್ರ, ಬಣ್ಣಗಳನ್ನು ಸಾಧ್ಯವಾದಷ್ಟೂ ಆಯಾ ಗ್ರಾಫ್ ಬರೆಯುವ ಸಾಲಿನಲ್ಲೇ ಹೇಳಿಬಿಡುವುದು ಇನ್ನೂ ಒಳ್ಳೆಯದು.

ಥ್ರೆಡ್‌ಗಳಲ್ಲಿ ಓಡಿಸುವುದು ಸುರಕ್ಷಿತವಲ್ಲ ಎಂದು ಮ್ಯಾಟ್‌ಪ್ಲಾಟ್‌ಲಿಬ್‌ನ ಕೈಪಿಡಿಯೇ ಹೇಳುತ್ತದೆ. ನೂರು ಗ್ರಾಫ್ ಒಟ್ಟಿಗೆ ಓಡಿಸುವ ಮೊದಲು ಆ ಪುಟ ಓದಿ.