ನೋಡದೆ ಕೊಟ್ಟ ಅನುಮತಿ

ಆಯವ್ಯಯ ಮಂಡನೆಯಾದ ಮರುದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂಬ ವಿಚಾರವೇ ಎಲ್ಲೆಡೆ ನಡೆಯುತ್ತದೆ. ಆ ಹಣಕ್ಕೆ ಜನಪ್ರತಿನಿಧಿಗಳು ಒಪ್ಪಿಗೆ ಕೊಡುವ ಕ್ರಮವನ್ನು ವಿಚಾರಿಸುವವರು ವಿರಳ. ಧರ್ಮಾಧರ್ಮದ ಪ್ರಶ್ನೆಯಿರುವುದು ಆ ಕ್ರಮದಲ್ಲಿಯೇ.

ಸಂವಿಧಾನದ 113ನೆಯ ಅನುಚ್ಛೇದದಂತೆ ಪ್ರತಿ ಇಲಾಖೆಯ ವೆಚ್ಚವು ಅನುದಾನ ಬೇಡಿಕೆಯ ರೂಪದಲ್ಲಿ ಲೋಕಸಭೆಯ ಮುಂದೆ ಬರಬೇಕು. ವಿಧಾನಸಭೆಗೆ 203ನೆಯ ಅನುಚ್ಛೇದ ಇದನ್ನೇ ವಿಧಿಸುತ್ತದೆ. ಸಾಲದ ಬಡ್ಡಿಯಂಥ ಪ್ರಭೃತ ವೆಚ್ಚಗಳು ಮಾತ್ರ ಮತಕ್ಕೆ ಹೊರತು. ಸದನವು ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ತಗ್ಗಿಸಬಹುದು; ಹೆಚ್ಚಿಸುವಂತಿಲ್ಲ. ತಗ್ಗಿಸಲು ಲೋಕಸಭೆಯಲ್ಲಿ ಮೂರು ಬಗೆಯ ಕಡಿತ ಸೂಚನೆಗಳಿವೆ. ನೀತಿಯನ್ನೇ ಒಪ್ಪದ ಸದಸ್ಯನು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆನ್ನುತ್ತಾನೆ. ಮಿತವ್ಯಯ ಬಯಸುವವನು ಇಂತಿಷ್ಟು ಮೊತ್ತ ಕಡಿಮೆಯಾಗಲಿ ಎನ್ನುತ್ತಾನೆ. ಒಂದು ಕುಂದುಕೊರತೆಯನ್ನು ಎತ್ತಿ ಹೇಳಬೇಕಾದವನು ಕೇವಲ 100 ರೂಪಾಯಿಯ ಕಡಿತ ಕೇಳುತ್ತಾನೆ. ಲಕ್ಷ ಕೋಟಿಗಳ ನಡುವೆ ಈ 100 ರೂಪಾಯಿಗೆ ಸ್ಥಾನವಿಟ್ಟವರ ವಿವೇಕ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ನಮ್ಮ ಮಾನ್ವಿ, ಸಿರವಾರದ ರೈತನಿಗೆ ನೀರು ತಲುಪದಿದ್ದರೆ, ಆ ಮಾತು ಏಳಬೇಕಾದ ಜಾಗ ವಿಧಾನಸಭೆಯ ನೀರಾವರಿ ಬೇಡಿಕೆಯ ಚರ್ಚೆ.

ಆದರೆ ಲೋಕಸಭೆಯ 208ನೆಯ ನಿಯಮದಂತೆ, ನಿಗದಿಯಾದ ಕೊನೆಯ ದಿನ ಉಳಿದೆಲ್ಲ ಬೇಡಿಕೆಗಳನ್ನು ಸಭಾಧ್ಯಕ್ಷರು ಒಮ್ಮೆಗೇ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಎಂದು ಹೆಸರು. ಮಾತಿನ ಕೊರಳನ್ನು ಕತ್ತರಿಸುವ ಯಂತ್ರವೆಂದೇ ಅರ್ಥ. ಐರ್ಲೆಂಡಿನ ಸದಸ್ಯರು ಚರ್ಚೆಯನ್ನು ಎಳೆದೆಳೆದು ಕಲಾಪ ನಿಲ್ಲಿಸುತ್ತಿದ್ದ ಕಾಲದಲ್ಲಿ, 1887ರಲ್ಲಿ, ಬ್ರಿಟಿಷ್ ಸಂಸತ್ತು ಇದನ್ನು ರೂಢಿಸಿತು. ನಿಯಮವೇ ಅನ್ಯಾಯವೆನ್ನಲಾಗದು. ಮಂಜೂರಾತಿ ತಡವಾದರೆ ಸಂಬಳ, ಪಿಂಚಣಿ, ಪಡಿತರ ನಿಲ್ಲುತ್ತವೆ. ಮಾತು ಮುಗಿಯಲಿಲ್ಲವೆಂದು ಬಡವನ ಒಲೆ ಆರಬಾರದು.

2018ರ ಮಾರ್ಚ್ 14ರಂದು ಲೋಕಸಭೆಯು ಗದ್ದಲದ ನಡುವೆ ಎಲ್ಲ ಬೇಡಿಕೆಗಳನ್ನೂ ಹಣಕಾಸು ಮಸೂದೆಯನ್ನೂ ಚರ್ಚೆಯಿಲ್ಲದೆ ಅಂಗೀಕರಿಸಿತು. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿಯ ಆಯವ್ಯಯದ ಬೇಡಿಕೆಗಳಿಗೂ ಅದೇ ಗತಿ. ನಮ್ಮ ವಿಧಾನಸಭೆಯಲ್ಲಿ 2019ರ ಜುಲೈ 29ರಂದು ಹೊಸ ಸರ್ಕಾರ ವಿಶ್ವಾಸಮತ ಗೆದ್ದ ಬೆನ್ನಿಗೆ, ಬಿದ್ದುಹೋದ ಸರ್ಕಾರ ಸಿದ್ಧಪಡಿಸಿದ್ದ ಹಣಕಾಸು ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಅಂದು ಜುಲೈ 31ರ ಗಡುವು ತಲೆಯ ಮೇಲಿತ್ತು, ಅದನ್ನು ಆಪದ್ಧರ್ಮವೆನ್ನಬಹುದು. ಆಪದ್ಧರ್ಮವೇ ನಿತ್ಯಧರ್ಮವಾದರೆ?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮದ ಹೊಣೆಯನ್ನು ಹೇಳುವಾಗ ಕೃತ, ಕಾರಿತ, ಅನುಮತ ಎಂದು ಮೂರನ್ನೂ ಒಟ್ಟಿಗೆ ಎಣಿಸುತ್ತದೆ. ತಾನು ಮಾಡಲಿಲ್ಲ, ಮಾಡಿಸಲಿಲ್ಲ, ಬರೀ ಹೂಂ ಎಂದೆ ಎನ್ನುವವನಿಗೂ ಪಾಲಿದೆ. ಖಾತೆಪುಸ್ತಕ ತೆರೆಯದೆ ಸಹಿ ಹಾಕಿದ ಪಾಲುದಾರನನ್ನು ಯಾವ ಅಂಗಡಿಯಲ್ಲಿಯೂ ನಿರ್ದೋಷಿ ಎನ್ನುವುದಿಲ್ಲ. ಅಂದಮೇಲೆ ಧ್ವನಿಮತದಲ್ಲಿ 'ಹೌದು' ಎಂದ ಸದಸ್ಯನ ಹೊಣೆ ಎಷ್ಟು? ಪಕ್ಷದ ವಿಪ್ ಮೀರಿದರೆ 1985ರ ಪಕ್ಷಾಂತರ ನಿಷೇಧದಂತೆ ಸ್ಥಾನವೇ ಹೋಗಬಹುದು; ಅವನ ಅನುಮತಿ ಪೂರ್ಣ ಸ್ವತಂತ್ರವಲ್ಲ, ನಿಜ. ಆದರೆ ಬೇಡಿಕೆಯನ್ನು ಓದಬಾರದೆಂದು ಯಾವ ವಿಪ್ಪೂ ಹೇಳುವುದಿಲ್ಲ. ಗದ್ದಲದಿಂದ ಚರ್ಚೆಯ ದಿನಗಳನ್ನು ಕಳೆದ ವಿರೋಧ ಪಕ್ಷದವನೂ ಕಾರಿತದ ಪಾಲುದಾರನೇ. ಗಿಲೋಟಿನ್ನಿನ ಹಗ್ಗದ ಒಂದು ತುದಿ ಅವನ ಕೈಯಲ್ಲಿಯೂ ಇದೆ.

1993ರಲ್ಲಿ ಸಂಸತ್ತು ಇಲಾಖಾವಾರು ಸ್ಥಾಯೀ ಸಮಿತಿಗಳನ್ನು ರಚಿಸಿದಾಗಿನಿಂದ ಬೇಡಿಕೆಗಳ ಪರಿಶೀಲನೆ ಅಲ್ಲಿ ನಡೆಯುತ್ತಿದೆ. ಅದು ಒಳ್ಳೆಯ ಕೆಲಸವೇ. ಆದರೆ ಸಮಿತಿ ವರದಿ ಕೊಡಬಲ್ಲದು, ಸದನದ ಪರವಾಗಿ ಮತ ಕೊಡಲಾರದು. ಚರ್ಚೆಯಾಗದ ಬೇಡಿಕೆಗಳಿಗಾದರೂ ಹೆಸರು ಹಿಡಿದು ಮತ ಎಣಿಸುವ ಕಟ್ಟಳೆ ಇರಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ತಮ್ಮ ಕಾರ್ಯವಿಧಾನದ ನಿಯಮಗಳನ್ನು ತಾವೇ ಮಾಡಿಕೊಳ್ಳುವ ಅಧಿಕಾರವನ್ನು ಸಂಸತ್ತಿಗೆ 118ನೆಯ ಅನುಚ್ಛೇದವೂ ವಿಧಾನಮಂಡಲಕ್ಕೆ 208ನೆಯ ಅನುಚ್ಛೇದವೂ ಆಗಲೇ ಕೊಟ್ಟಿವೆ.