ಆಟದೊಳಗೆ ಅಡಗಿದ ಹೆಸರು

ಮನುಷ್ಯ ಕೂಲಿಗಾಗಿ ದುಡಿಯುತ್ತಾನೆ, ನಿಜ. ಆದರೆ ಕೂಲಿಯೊಂದೇ ಅವನನ್ನು ದುಡಿಸುವುದಿಲ್ಲ. ಸಂಬಳ ಸರಿಯಾಗಿ ಕೈಸೇರುತ್ತಿದ್ದರೂ ಕೆಲಸದಲ್ಲಿ ಮನಸ್ಸಿಲ್ಲದವರನ್ನು ನಾವು ದಿನವೂ ಕಾಣುತ್ತೇವೆ. ಹಾಗಾದರೆ ದುಡಿಯುವವರ ಉತ್ಸಾಹವನ್ನು ಉಳಿಸುವುದು ಯಾವುದು? ನಮ್ಮ ಮಕ್ಕಳು ಮೈಮರೆತು ಆಡುವ ವಿಡಿಯೋ ಗೇಮ್‌ಗಳನ್ನು ರೂಪಿಸಿದವರ ಚರಿತ್ರೆ ಈ ಪ್ರಶ್ನೆಗೆ ಒಂದಿಷ್ಟು ಬೆಳಕು ಚೆಲ್ಲುತ್ತದೆ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪೆನಿ ಟಿ.ವಿ.ಗೆ ಜೋಡಿಸಿ ಆಡುವ ಆಟಗಳನ್ನು ಮಾರುತ್ತಿತ್ತು. ಸಾಮಾನ್ಯವಾಗಿ ಒಬ್ಬ ಪ್ರೋಗ್ರಾಮರ್ ತಿಂಗಳುಗಟ್ಟಲೆ ಕುಳಿತು ಒಂದು ಆಟವನ್ನು ರೂಪಿಸುತ್ತಿದ್ದ. ಪೆಟ್ಟಿಗೆಯ ಮೇಲೆ ಮಾತ್ರ ಅವನ ಹೆಸರಿರುತ್ತಿರಲಿಲ್ಲ. ಡೇವಿಡ್ ಕ್ರೇನ್ ಮತ್ತು ಸಂಗಡಿಗರು ಮನ್ನಣೆ ಕೇಳಿದಾಗ, ಕಾರ್ಖಾನೆಯಲ್ಲಿ ಕಾರ್ಟ್ರಿಜ್ ಜೋಡಿಸುವವನಿಗಿಂತ ನೀವು ಹೆಚ್ಚಿನವರಲ್ಲ ಎಂಬ ಉತ್ತರ ದೊರೆಯಿತೆಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. ನಾಲ್ವರು ಅಟಾರಿಯಿಂದ ಹೊರಬಂದರು. 1979ರಲ್ಲಿ ಆಕ್ಟಿವಿಷನ್ ಹುಟ್ಟಿತು. ಅದು ಆಟ ರೂಪಿಸಿದವರ ಹೆಸರನ್ನು ಅಚ್ಚು ಹಾಕಿಸಿತು.

ಅದೇ ಅಟಾರಿಯಲ್ಲಿದ್ದ ವಾರನ್ ರಾಬಿನೆಟ್ ಬೇರೆ ದಾರಿ ಹಿಡಿದರು. ತಾವು ರೂಪಿಸಿದ ‘ಅಡ್ವೆಂಚರ್’ ಆಟದ ಒಂದು ಗುಪ್ತ ಕೋಣೆಯಲ್ಲಿ ತಮ್ಮ ಹೆಸರನ್ನು ಅಡಗಿಸಿಟ್ಟು, ಯಾರಿಗೂ ಹೇಳದೆ ಕೆಲಸ ಬಿಟ್ಟರು. ಆಟವಾಡುತ್ತಿದ್ದ ಹುಡುಗನೊಬ್ಬ ಅದನ್ನು ಪತ್ತೆಹಚ್ಚಿ ಕಂಪೆನಿಗೆ ಪತ್ರ ಬರೆದಾಗಲೇ ಗುಟ್ಟು ಬಯಲಾಯಿತು. ತನ್ನ ಶ್ರಮಕ್ಕೆ ತಾನೇ ಕಳ್ಳನಂತೆ ರುಜು ಹಾಕಬೇಕಾಗಿ ಬಂದ ಸ್ಥಿತಿ ಎಂಥದು!

ಹೆಸರಿನ ಹಂಬಲ ಅಹಂಕಾರವಲ್ಲವೇ ಎಂದು ಕೆಲವರು ಕೇಳಬಹುದು. ಸದ್ದಿಲ್ಲದೆ ಒಳಿತು ಮಾಡುವವರನ್ನು ನಾವು ಗೌರವಿಸುತ್ತೇವೆ. ಆದರೆ ತನ್ನ ಹೆಸರನ್ನು ತಾನೇ ಬಿಟ್ಟುಕೊಡುವುದು ತ್ಯಾಗ; ಇನ್ನೊಬ್ಬರ ಹೆಸರನ್ನು ಅಳಿಸುವುದು ಅಪಹರಣ. ಇವೆರಡೂ ಒಂದೇ ಅಲ್ಲ. 13ನೇ ಶತಮಾನದ ಸೋಮನಾಥಪುರದ ದೇಗುಲದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಶಿಲ್ಪಗಳ ಪೀಠದಲ್ಲಿ ಇಂದಿಗೂ ಇದೆ. ಅದರಿಂದ ಕಟ್ಟಿಸಿದವರ ಕೀರ್ತಿಯೇನೂ ಕಡಿಮೆಯಾಗಲಿಲ್ಲ.

ಅಟಾರಿಯ ಉತ್ತರದಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಕಾರ್ಖಾನೆಯ ಕಾರ್ಮಿಕನಿಗೆ ಹೋಲಿಸಿದ್ದು ಅವಮಾನವೇ? ಅಲ್ಲ. ಆ ಕಾರ್ಮಿಕ ಲೆಕ್ಕಕ್ಕಿಲ್ಲದವನೆಂದು ಭಾವಿಸಿದ್ದೇ ಅವಮಾನ. ನಮಗೆ ಮನ್ನಣೆ ಬೇಕೆನ್ನುವಾಗ ನಮಗಿಂತ ಕೆಳಗೆ ದುಡಿಯುವವರನ್ನು ನಾವು ಮರೆಯುತ್ತೇವೆ. ಇಂದು ದೊಡ್ಡ ಆಟಗಳನ್ನು ನೂರಾರು ಮಂದಿ ಸೇರಿ ಕಟ್ಟುತ್ತಾರೆ. 2021ರಲ್ಲಿ ‘ಮೆಟ್ರಾಯ್ಡ್ ಡ್ರೆಡ್’ ಬಂದಾಗ, ಅದಕ್ಕಾಗಿ ದುಡಿದ ಕೆಲವರ ಹೆಸರುಗಳು ಪಟ್ಟಿಯಲ್ಲಿರಲಿಲ್ಲ. ಆಟ ಸಿದ್ಧವಾಗಲು ಹಿಡಿದ ಒಟ್ಟು ಕಾಲದ ನಾಲ್ಕನೇ ಒಂದು ಭಾಗವಾದರೂ ದುಡಿದಿರಬೇಕೆಂಬುದು ಸ್ಟುಡಿಯೋದ ನಿಯಮವಾಗಿತ್ತು. ಹಾಗಾದರೆ ಅಷ್ಟು ತಿಂಗಳು ದುಡಿದದ್ದು ದುಡಿಮೆಯಲ್ಲವೇ?

ಹೆಸರಿನ ಜೊತೆ ಹೊಣೆಯೂ ಬರಬೇಕು. ನಿಂಟೆಂಡೊ ಕಂಪೆನಿಯ ವ್ಯಾಪಾರ ಕುಸಿದಾಗ ಅದರ ಅಧ್ಯಕ್ಷ ಸಟೋರು ಇವಾಟ 2014ರಲ್ಲಿ ಐದು ತಿಂಗಳ ಮಟ್ಟಿಗೆ ತಮ್ಮ ಸಂಬಳವನ್ನು ಅರ್ಧಕ್ಕಿಳಿಸಿಕೊಂಡರು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವರಿಂದ ಜನರ ಮನಗೆಲ್ಲುವ ಆಟ ಹುಟ್ಟದು ಎಂಬುದು ಅವರ ನಿಲುವಾಗಿತ್ತು. ಗೆದ್ದಾಗ ಮುಂದೆ, ಸೋತಾಗ ಹಿಂದೆ ನಿಲ್ಲುವ ನಾಯಕನ ಜೊತೆ ಯಾರ ಉತ್ಸಾಹ ತಾನೇ ಉಳಿದೀತು?

ಉತ್ಸಾಹವೆಂಬುದು ಒಬ್ಬನ ಎದೆಯೊಳಗೆ ಮಾತ್ರ ಹುಟ್ಟಿ ಬೆಳೆಯುವಂಥದ್ದಲ್ಲ. ಜೊತೆಗಾರರು ಅದನ್ನು ಕಾಯಬೇಕು, ಇಲ್ಲವೇ ಅವರೇ ಕೊಲ್ಲುತ್ತಾರೆ. ಸಭೆಯಲ್ಲಿ ಒಂದು ಸಲಹೆ ಯಾರದೆಂದು ಹೇಳುವುದು, ಸಲಹೆಯನ್ನು ತಳ್ಳಿಹಾಕುವಾಗ ಅದನ್ನು ಕೊಟ್ಟವರನ್ನು ತಳ್ಳಿಹಾಕದಿರುವುದು, ಬಿಟ್ಟುಹೋದವರ ಪಾಲನ್ನೂ ನೆನೆಯುವುದು ಇವಕ್ಕೆ ಹಣ ಖರ್ಚಾಗುವುದಿಲ್ಲ. ನಮ್ಮ ಅಂಗಡಿ, ಶಾಲೆ, ಸಂಘ, ಮನೆಗಳಲ್ಲಿ ಎಷ್ಟು ಹೆಸರುಗಳು ಗುಪ್ತ ಕೋಣೆಗಳಲ್ಲಿ ಅಡಗಿವೆಯೋ! ಅವನ್ನು ನಾವೇ ಬೆಳಕಿಗೆ ತರೋಣ.